ಕುದುರೆ ಸಿನಿಮಾದಲ್ಲಿ ಇರಲಿಲ್ಲ

ಖಾಸಬಾಗದ ನಮ್ಮ ಮನೆಯಲ್ಲಿ ಇದುವರೆಗೆ ಯಾವ ಸಿನಿಮಾವೂ ಮೊದಲಿಂದ ಕೊನೆಯವರೆಗೆ ಸುಸೂತ್ರವಾಗಿ ಓಡಿಲ್ಲ. ಓಡಲು ಬಿಡುವವರೇ ಇಲ್ಲ. ಅಪ್ಪ, ಅವ್ವ, ಅಣ್ಣ ಮೂವರೂ ಟಿವಿಯ ಜೊತೆ ಮಾತಾಡುತ್ತಿರುತ್ತಾರೆ. ನಾನು "ಸುಮ್ಮನಿರ್ರಿ" ಎಂದು ಕೂಗುತ್ತಿರುತ್ತೇನೆ. ಎಲ್ಲರಿಗಿಂತ ಹೆಚ್ಚು ಗದ್ದಲ ನನ್ನದೇ ಎಂಬುದು ಅಣ್ಣ ವಿನಯನ ತಕರಾರು.

ಇಂಥ ಮನೆಯಲ್ಲಿದ್ದುಕೊಂಡು ನಾನು ಸಿನಿಮಾದ ಬಗ್ಗೆ ಮಾತಾಡುವ ಕೆಲಸಕ್ಕೆ ಕೈಹಾಕಿದೆ.

ಬೆಳಗಾವಿಯಲ್ಲೇ ಒಂದು ಪುಟ್ಟ ಇಂಟರ್ನೆಟ್ ರೇಡಿಯೋ ಇದೆ. ಅದನ್ನು ನಡೆಸುವ ರತ್ನಮಾಲಾ ಮೇಡಂಗೆ, ಮನೆಯಲ್ಲೇ ಕೂತು ಸಿನಿಮಾ ನೋಡುವವರಿಗಾಗಿ ವಾರಕ್ಕೊಮ್ಮೆ ನಾಲ್ಕು ಮಾತು ಹೇಳುವವರು ಬೇಕಾಗಿದ್ದರು. ಬಂದವರಲ್ಲಿ ಇಬ್ಬರನ್ನು ಉಳಿಸಿಕೊಂಡಿದ್ದರು: ನನ್ನನ್ನು, ಮತ್ತೆ ಓಂಕಾರ ಎಂಬ ಕಾಲೇಜು ಉಪನ್ಯಾಸಕರನ್ನು. ಒಂದು ಹೊಡೆದಾಟದ ಸಿನಿಮಾ, ಒಂದು ನಗೆಯದು, ಒಂದು ಮಾಯಾಮಂತ್ರದ್ದು. ಮೂರನ್ನೂ ನೋಡಿ, ಅನಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಯಾರ ಮಾತು ಚೆನ್ನಾಗಿರುತ್ತದೋ ಅವರಿಗೆ ಕೆಲಸ.

ನನಗೆ ಸಿಗದಿದ್ದರೆ ಏನು ಎಂಬುದು ಮನೆಯಲ್ಲಿ ಆಗಲೇ ನಿಶ್ಚಯವಾಗಿತ್ತು. ಅವ್ವನ ಅಣ್ಣ ಗುರುಪುತ್ರಪ್ಪ ಮಾಮಾನದು ಖಾನಾಪುರದಲ್ಲಿ ಹಂಚಿನ ಅಂಗಡಿ. ಬಿಲ್ಲು ಬರೆಯಲು ಅವನಿಗೆ ಒಬ್ಬರು ಬೇಕಾಗಿದ್ದರು. ಎಂ.ಎ. ಮುಗಿಸಿ ವರ್ಷವಿಡೀ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಗೆ ಇನ್ನೇನು ಬೇಕು?

"ಅಂಗಡ್ಯಾಗ ಏನ ಕಮ್ಮಿ ಐತಿ? ನೆರಳೈತಿ, ಫ್ಯಾನ್ ಐತಿ," ಎಂದ ಅಪ್ಪ.

"ಎದುರಿಗೆ ದಿನಾ ಮಾಮಾನ ಮಾರಿ ಇರ್ತೈತಿ," ಎಂದ ವಿನಯ.

ಹೊಡೆದಾಟದ ಸಿನಿಮಾವನ್ನು ಶನಿವಾರ ಹಚ್ಚಿದೆ. ಅಪ್ಪನಿಗೆ ಅವತ್ತೇ ರಜೆ ಬರಬೇಕೆ? ಅಪ್ಪ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಕೆಲಸ ನೋಡಿಕೊಳ್ಳುತ್ತಾನೆ. ಕಬ್ಬಿಣ ಕಂಡಲ್ಲಿ ಸುಮ್ಮನಿರುವುದು ಅವನಿಂದಾಗದು. ಹೀರೋ ಓಡಿ ಬಂದು ಖಳನಾಯಕನ ಬಂಗಲೆಯ ಕಂಬಕ್ಕೆ ಗುದ್ದಿದ. ಕಂಬ ಬಿಲ್ಲಿನಂತೆ ಬಾಗಿತು.

"ಏ, ನಿಂದರ್ಸು, ನಿಂದರ್ಸು!" ಅಪ್ಪ ರಿಮೋಟು ಕಸಿದುಕೊಂಡ. "ಅದು ಬೀಡಿನ ಕಂಬ, ಎರಕದ ಕಬ್ಬಿಣ. ಬೀಡು ಬಾಗೂದಿಲ್ಲ, ಒಡೀತೈತಿ."

"ಅಪ್ಪಾ, ಗುದ್ದಿದಾಂವ ಹೀರೋ ಅದಾನ."

"ಹೀರೋ ಇದ್ರೇನಾತು? ಇವ ಹೀರೋ ಅಂತ ಬೀಡಿಗೇನ ಗೊತ್ತಿರ್ತೈತಿ?"

ಹಿಂದಕ್ಕೆ ಓಡಿಸಿ ಮತ್ತೆ ಗುದ್ದಿಸಿದ. ಕಂಬ ಮತ್ತೆ ಬಾಗಿತು. ತನ್ನ ಮನೆಯ ಕಂಬಕ್ಕೇ ಅನ್ಯಾಯವಾದಂತೆ ಅಪ್ಪ ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಸೊಪ್ಪು ಸೋಸುತ್ತ ಕೂತಿದ್ದ ಅವ್ವನಿಗೆ ಬೇರೆಯದೇ ಚಿಂತೆ ಹತ್ತಿತು.

"ಕಂಬದ ಮಾತು ಇರ್ಲಿ. ಈ ಹುಡುಗ ಆಗಿಂದ ಅಡವ್ಯಾಗ ಓಡಾಕತ್ತಾನಲ್ಲ, ಹೊಟ್ಟಿಗೇನ ತಿಂದ?"

"ಅವ್ವಾ!"

"ಅಲ್ಲ, ಖರೇ ಕೇಳಾಕತ್ತೇನಿ. ಹಸದ ಹೊಟ್ಟಿಲೆ ಇಷ್ಟು ಮಂದೀನ ಹೊಡ್ಯಾಕ ಆಗತೈತೇನು? ಇವಗ ತಾಯಿ ಅದಾಳೋ ಇಲ್ಲೋ?"

ನನ್ನ ತಲೆ ಒಂಥರಾ. ಯಾರಾದರೂ ಬಾಗಿಲು ಕೊಂಚ ಸರಿಸಿದರೆ ಸಾಕು, ಒಳಗೆ ಹೋಗಿಯೇ ಬಿಡುತ್ತದೆ. ಅವ್ವ ಹಾಗೆ ಕೇಳಿದ್ದೇ ತಡ, ಹೀರೋನ ತಾಯಿ ನನ್ನ ಕಣ್ಣ ಮುಂದೆ ಬಂದಳು. ಒಲೆಯ ಮುಂದೆ ಕೂತು ಭಕ್ರಿ ಬಡಿಯುತ್ತಿದ್ದಳು. ಬಿಸಿ ಭಕ್ರಿಗೆ ಕೆಂಪು ಖಾರ ಸವರಿ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಅಡವಿಯ ಅಂಚಿಗೆ ಬಂದು ನಿಂತಳು. ಮತ್ತೆ ನಾನು ಟಿವಿಯತ್ತ ನೋಡಿದಾಗ ಖಳನಾಯಕ ಸತ್ತಿದ್ದ, ಅಪ್ಪ ನಿದ್ದೆ ಹೋಗಿದ್ದ.

ಸಂಜೆ ರೆಕಾರ್ಡ್ ಮಾಡಿ ಕಳಿಸಿದೆ. "ಈ ಸಿನಿಮಾದ ಜೀವ ಇರುವುದು ಹೊಡೆದಾಟದಲ್ಲಲ್ಲ, ತಾಯಿ ಭಕ್ರಿಯ ಗಂಟು ಹಿಡಿದು ಅಡವಿಯ ಅಂಚಿನಲ್ಲಿ ಕಾಯುವ ಆ ಒಂದು ನೋಟದಲ್ಲಿ" ಎಂದು ಹೇಳುವಾಗ ನನ್ನ ದನಿ ತುಸು ನಡುಗಿತ್ತು ಕೂಡ.

ನಗೆಯ ಸಿನಿಮಾದ ಪಾಡು ಇನ್ನೂ ಕಷ್ಟ. ಅವತ್ತು ರವಿವಾರ. ಖಾಸಬಾಗದಲ್ಲಿ ಸಂತೆ. ಹೊರಗೆ ಮೆಂತ್ಯ, ಉಳ್ಳಾಗಡ್ಡಿ ಮಾರುವವರ ಕೂಗು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಹಿಂದಿನ ಮನೆಯಲ್ಲಿ ಮಗ್ಗದ ಖಟಖಟ. ಒಳಗೆ ವಿನಯ. ಅವನು ಆ ಸಿನಿಮಾವನ್ನು ಫೋನಿನಲ್ಲಿ ಆಗಲೇ ನೋಡಿ ಮುಗಿಸಿದ್ದ. ನಗೆಯ ಮಾತು ಬರುವುದಕ್ಕೆ ಮುಂಚೆಯೇ ತೊಡೆ ಬಡಿದುಕೊಂಡು ನಗುತ್ತಿದ್ದ.

"ಈಗ ನೋಡು, ಈಗ ನೋಡು! ಅಂವ ಬಾಗಲಾ ತಗೀತಾನ, ಒಳಗ ಮಾಲಕ ಕುಂತಿರ್ತಾನ!"

ಬಾಗಿಲು ತೆರೆಯಿತು. ಮಾಲಕ ಕುಳಿತಿದ್ದ. ನನಗೆ ನಗು ಬರಲಿಲ್ಲ, ಅಳು ಬಂತು.

"ನೀ ಯಾಕ ನಗವಲ್ಲಿ?"

"ನೀನ ನನ್ನ ಪಾಲಿಂದೂ ನಕ್ಕಿದಿ."

ಪಕ್ಕದ ಮನೆಯ ಚಂದ್ರವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬಟ್ಟಲು ಹಿಡಿದುಕೊಂಡೇ ಕೂತುಬಿಟ್ಟಳು. ಚಂದ್ರವ್ವನ ಮನಸ್ಸು ಬಹಳ ಮೆತ್ತಗೆ. ತೆರೆಯ ಮೇಲೆ ದಡ್ಡ ಬಾಡಿಗೆದಾರನೊಬ್ಬ ಜಾರಿ ಬಿದ್ದರೆ ಅವಳು "ಅಯ್ಯ, ಸೊಂಟಕ್ಕ ಪೆಟ್ಟಾತಲ್ಲೋ ಶಿವನ!" ಎನ್ನುತ್ತಿದ್ದಳು. ಅವನ ಮುಖಕ್ಕೆ ಯಾರೋ ಹಿಟ್ಟು ಎರಚಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪಾಪ, ತಾಯಿ ಇಲ್ಲದ ಹುಡುಗ ಕಾಣ್ತೈತಿ. ಅದಕ್ಕ ಎಲ್ಲಾರೂ ಹೊಡೀತಾರ."

"ಚಂದ್ರವ್ವ ಕಾಕೂ, ಇದು ನಗೂ ಪಿಕ್ಚರ್," ಎಂದೆ ಹಲ್ಲು ಕಚ್ಚಿ.

"ನಗವರಿಗೆ ನಗಾಕ ಏನವ್ವ, ಬಿದ್ದಾಂವಗ ಗೊತ್ತು."

ಮಧ್ಯದಲ್ಲಿ ಅವ್ವ ಕೊತ್ತಂಬರಿ ತರಲು ಕಳಿಸಿದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಬಾಡಿಗೆದಾರ ನನ್ನ ಜೊತೆಗೇ ಇದ್ದ. ಮನೆಯ ಹಿಂದಿನ ಬಾವಿಯಲ್ಲಿ ಬಿದ್ದು, ಮೇಲಿಂದ ಇಣುಕಿದ ಮಾಲಕನಿಗೆ, ಒಳಗೆ ಬಾಡಿಗೆಯಿಲ್ಲದ ಅರಮನೆ ಇದೆ ಎಂದು ಪುಸಲಾಯಿಸುತ್ತಿದ್ದ. ಅದನ್ನೂ ಹೇಳಿ ಕಳಿಸಿದೆ. ಮಾಲಕ ಬಾವಿಗೆ ಇಳಿಯುವ ಪ್ರಸಂಗದಷ್ಟು ಸೊಗಸಾದದ್ದನ್ನು ಈಚೆಗೆ ನೋಡಿಲ್ಲ ಎಂದು ಬೇರೆ ಸೇರಿಸಿದೆ.

ಸೋಮವಾರ ರತ್ನಮಾಲಾ ಮೇಡಂ ಫೋನ್ ಮಾಡಿದರು.

"ನೇತ್ರಾ, ಮಾತು ಚಲೋ ಅದಾವ. ದನಿ ಚಲೋ ಐತಿ. ಆದ್ರ ಒಂದು ಕೇಳತೇನಿ, ಆ ಬಾವಿ ಎಲ್ಲೈತಿ?"

"ಮನಿ ಹಿಂದ್ರಿ ಮೇಡಂ."

"ಯಾರ ಮನಿ ಹಿಂದ? ನಾ ಪಿಕ್ಚರ್ ಪೂರಾ ನೋಡೇನಿ. ಅವರು ಇರೂದು ಅಪಾರ್ಟಮೆಂಟಿನ್ಯಾಗ, ಐದನೇ ಮಾಳಿಗಿ ಮ್ಯಾಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಮತ್ತ ಆ ಹೊಡದಾಟದ ಪಿಕ್ಚರ್ನ್ಯಾಗ ಹೀರೋನ ತಾಯಿ ಭಕ್ರಿ ಬಡೀತಾಳಂದಿ. ಅಕಿ ಮೊದಲನೇ ಸೀನಿನ್ಯಾಗ ಸತ್ತು ಹೋಗ್ಯಾಳ. ಗ್ವಾಡಿಗೆ ಫೋಟೋ ಐತಿ, ಮಾಲಿ ಹಾಕ್ಯಾರ."

ಅಪ್ಪ ರಿಮೋಟು ಕಸಿದುಕೊಂಡಾಗಲೋ, ವಿನಯ ಬೊಬ್ಬೆ ಹೊಡೆದಾಗಲೋ ತಪ್ಪಿಹೋದದ್ದು ಎಂದು ಹೇಗೆ ಹೇಳುವುದು? ಅದಕ್ಕಿಂತ ಕಷ್ಟವೆಂದರೆ, ನಾನು ಸುಳ್ಳು ಹೇಳಿರಲಿಲ್ಲ. ಭಕ್ರಿಯ ಮೇಲಿನ ಬೆರಳಚ್ಚು ಕೂಡ ನನಗೆ ಕಂಡಿತ್ತು.

"ಮೂರನೇದು ಒಂದು ಉಳದೈತಿ," ಎಂದರು ಮೇಡಂ. "ಗುರುವಾರ ಸಂಜೀ ಒಳಗ ಕಳಸು. ಪಿಕ್ಚರ್ನ್ಯಾಗ ಇದ್ದದ್ದ ಹೇಳು. ಇಲ್ಲದ್ದ ಹೇಳಿದ್ರ ಕೆಲಸ ಓಂಕಾರ ಅವರಿಗೆ."

ಈ ಮನೆಯಲ್ಲಿ ಕೂತರೆ ಆಗುವ ಮಾತಲ್ಲ ಎಂದು ಗುರುವಾರ ಬೆಳಿಗ್ಗೆ ಲೋಂಡಾ ಕಡೆ ಹೋಗುವ ಪ್ಯಾಸೆಂಜರ್ ಹತ್ತಿ ಖಾನಾಪುರಕ್ಕೆ ಹೋದೆ. ಮಾಮಾ ಹಗಲೆಲ್ಲ ಅಂಗಡಿಯಲ್ಲಿ. ಅತ್ತಿ ತವರಿಗೆ ಹೋಗಿದ್ದಳು. ಮನೆಯಲ್ಲಿ ಆಯಿ ಒಬ್ಬಳೇ. ಆಯಿ ಎಂದರೆ ಅವ್ವನ ತಾಯಿ, ಕಾಶವ್ವ. ನನ್ನ ತಲೆ ಹೀಗಾಗಿರುವುದಕ್ಕೆ ಅವಳೇ ಕಾರಣ ಎಂದು ಅಪ್ಪ ಹೇಳುತ್ತಾನೆ. ಸಣ್ಣವಳಿದ್ದಾಗ ರಜೆಗಳನ್ನೆಲ್ಲ ನಾನು ಅವಳ ಕೌದಿಯೊಳಗೇ ಕಳೆದವಳು. ಅವಳ ಕತೆಗಳಲ್ಲಿ ರಾಜ ಕನ್ನಡ ಮಾತಾಡಿದರೆ ವ್ಯಾಪಾರಿ ಮರಾಠಿ ಮಾತಾಡುತ್ತಿದ್ದ, ರಾಕ್ಷಸಿ ಎರಡರಲ್ಲೂ ಬಯ್ಯುತ್ತಿದ್ದಳು.

ಕತೆಗೆ ಆಯಿಯ ಎರಡು ಕಟ್ಟಳೆ. ದೀಪ ಹಚ್ಚುವ ಮುಂಚೆ ಕತೆ ಹೇಳಬಾರದು. ಹೇಳಿದರೆ ಸೋದರಮಾವ ಹಾದಿ ತಪ್ಪುತ್ತಾನೆ. ಇನ್ನೊಂದು, ಕೇಳುವವರು ಹೂಂಗುಟ್ಟುತ್ತಿರಬೇಕು. ಒಂದು ಮಾತಿಗೆ ಒಂದು ಹೂಂ. ಹೂಂ ಬರದಿದ್ದರೆ ಕತೆ ಅಲ್ಲೇ ನಿಲ್ಲುತ್ತದೆ. ಕುಂಬಾರ ಹುಡುಗಿ ಮಾಡಿದ ಮಣ್ಣಿನ ಕುದುರೆಯ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಬೇಯಿಸದ ಹಸಿಮಣ್ಣಿನ ಕುದುರೆ. ಅದು ಮಲಪ್ರಭೆಯ ದಂಡೆಗೆ ಬಂದು ನಿಲ್ಲುವ ಹೊತ್ತಿಗೆ ಪ್ರತಿ ಸಲವೂ ನನಗೆ ನಿದ್ದೆ ಬರುತ್ತಿತ್ತು. ಹೂಂ ನಿಲ್ಲುತ್ತಿತ್ತು, ಕುದುರೆಯೂ ನಿಲ್ಲುತ್ತಿತ್ತು. ಅದು ಹೊಳೆ ದಾಟಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಆಯಿ, ನೋಡು, ಇವತ್ತು ನಾ ಪಿಕ್ಚರ್ ನೋಡಬೇಕು. ಮಾತಾಡಬಾರದು."

"ನಾ ಯಾಕ ಮಾತಾಡಲಿ ತಂಗಿ? ಹಚ್ಚು."

ಮಾಯಾಲೋಕ ತೆರೆಯಿತು. ಕಿರೀಟದ ಹುಡುಗನೊಬ್ಬ ಹೊಳೆಯುವ ಹರಳು ಹುಡುಕಿಕೊಂಡು ಹೊರಟ. ಗಡ್ಡದ ಗುರು ಅವನಿಗೆ ಏನೋ ಹೇಳಿದ.

"ಹೂಂ," ಎಂದಳು ಆಯಿ.

ಗುರು ಮುಂದಿನ ಮಾತು ಹೇಳಿದ. "ಹೂಂ."

"ಆಯಿ!"

"ಮಾತಾಡಿಲ್ಲಲ್ಲ, ಹೂಂ ಅಂದೆ."

"ಅವರಿಗೆ ಹೂಂ ಬೇಕಾಗಿಲ್ಲ."

"ಅದನ್ನ ನೋಡಾಕತ್ತೇನಿ. ಹೂಂ ಅನ್ನೂತನಕ ನಿಂದರಂಗಽ ಇಲ್ಲಲ್ಲ ಇವು! ಯಾರ ಕೇಳಿದ್ರೇನು ಬಿಟ್ರೇನು, ತಮ್ಮಷ್ಟಕ್ಕ ತಾವ ಹೇಳಕೋತ ಹೊಂಟಾವ."

ರೆಕ್ಕೆಯ ಹಾವು ಬೆಂಕಿ ಕಾರುತ್ತ ಬಂತು. ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇದಕ್ಕ ಹೆಸರೇನು?"

"ಹೇಳಿಲ್ಲ ಇನ್ನಾ."

"ಹೆಸರಿಲ್ಲದ್ದಕ್ಕ ಯಾರ ಅಂಜತಾರ? ಬರೇ ಒದರಾಕತ್ತೈತಿ. ಹೊಟ್ಟಿ ತುಂಬಿಲ್ಲ ಕಾಣ್ತೈತಿ."

ಅವ್ವನ ಊಟದ ಚಿಂತೆ ಎಲ್ಲಿಂದ ಬಂದದ್ದೆಂದು ನನಗೆ ಆಗ ತಿಳಿಯಿತು. ತಲೆ ಹಿಡಿದುಕೊಂಡೆ. ಆದರೂ ಈ ಸಲ ಕಣ್ಣು ಕದಲಿಸಲಿಲ್ಲ, ಬೇರೆ ಬಾಗಿಲಿಗೆ ಕಾಲಿಡಲಿಲ್ಲ. ಹುಡುಗ ಕಪ್ಪು ಕೆರೆಯೊಂದರ ದಂಡೆಗೆ ಬಂದು ನಿಂತ. ಆಚೆ ದಂಡೆಯಲ್ಲಿ ಹರಳು ಮಿನುಗಿತು. ಹೊರಗೆ ಹಂಚಿನ ಮೇಲೆ ಮಳೆ ಜೋರಾಗಿ ಸುರಿಯತೊಡಗಿತು. ಟಿವಿ ಆರಿತು.

ಕರೆಂಟು ಹೋಗಿತ್ತು. ಫೋನಿನಲ್ಲಾದರೂ ನೋಡೋಣವೆಂದರೆ ಮಳೆಯಲ್ಲಿ ನೆಟ್‌ವರ್ಕು ತೆವಳುತ್ತಿತ್ತು. ಚಿತ್ರ ಬರಲಿಲ್ಲ, ಗುಂಡಗೆ ತಿರುಗುವ ಗೆರೆಯೊಂದೇ ಬಂತು. ಕಾದೆ. ಮಳೆ ನಿಂತಿತು, ಕರೆಂಟು ಬರಲಿಲ್ಲ, ನೆಟ್‌ವರ್ಕೂ ಸಿನಿಮಾ ಎಳೆಯುವಷ್ಟು ಚುರುಕಾಗಲಿಲ್ಲ. ಸಂಜೆ ಹತ್ತಿರವಾಯಿತು. ಅಂಗಡಿಯಿಂದ ಚಹಾಕ್ಕೆ ಬಂದ ಮಾಮಾ ಸಂಗತಿ ಕೇಳಿ ಖುಷಿಪಟ್ಟ.

"ಇಲ್ಲಿ ಕರೆಂಟ್ ಹೋದ್ರ ಹೋತು. ಹೋಗಲಿ ಬಿಡು. ನಾಳೆ ಅಂಗಡಿಗೆ ಬಾ. ಬಿಲ್ಲಿಗೆ ಕರೆಂಟ್ ಬೇಕಾಗಂಗಿಲ್ಲ."

ಅವನು ಹೋದ ಮೇಲೆ ಸಿಟ್ಟಿನಿಂದಲೇ ಫೋನು ಎದುರಿಗಿಟ್ಟುಕೊಂಡು ರೆಕಾರ್ಡ್ ಶುರುಮಾಡಿದೆ. ಆಯಿ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ನಾನು ಒಂದು ಮಾತು ಹೇಳಿದರೆ "ಹೂಂ" ಎನ್ನುತ್ತಿದ್ದಳು. ಬೇಡವೆನ್ನಲು ಹೋಗಲಿಲ್ಲ. ಯಾಕೆಂದರೆ ಹೂಂ ಬಂದ ಹಾಗೆ ನನ್ನ ಮಾತೂ ಸಲೀಸಾಗಿ ಬರುತ್ತಿತ್ತು. ಗುರು ಬಂದ, ಹೂಂ. ಹಾವು ಬಂತು, ಹೂಂ. ಹುಡುಗ ಕೆರೆಯ ದಂಡೆಗೆ ಬಂದು ನಿಂತ, ಹೂಂ.

"ಆಗ ದೂರದಿಂದ ಒಂದು ಕುದುರೆ ಬಂತು. ಅದು ಮಣ್ಣಿನ ಕುದುರೆ."

ಹೂಂ ಬರಲಿಲ್ಲ. ನಾನು ಕಾದೆ.

"ಆಯಿ, ಹೂಂ ಅನ್ನು."

"ಅನ್ನಂಗಿಲ್ಲ."

"ಯಾಕ?"

"ಆ ಕುದುರಿ ನಂದು." ಆಯಿಯ ಕೈಯಲ್ಲಿ ಬತ್ತಿ ನಿಂತಿತ್ತು. "ಕುಂಬಾರ ಹುಡುಗಿ ಮಾಡಿದ್ದು. ಆ ಕಿರೀಟದ ಹುಡುಗನ ಕಡೆ ಹೆಂಗ ಹೋತು? ಟಿವ್ಯಾನವರು ಕದ್ದೊಯ್ದಾರೇನು?"

"ಇಲ್ಲ ಆಯಿ, ಟಿವ್ಯಾಗ ಅದು ಬರಲಿಲ್ಲ."

"ಮತ್ತ ನೀ ಬಂತು ಅಂದಿ?"

ಬಾವಿಯೂ ಅವಳದೇ; ಅವಳು ಹೇಳುತ್ತಿದ್ದ ಪೆದ್ದ ತಮ್ಮನ ಕತೆಯ ಬಾವಿ. ಭಕ್ರಿ ಅವ್ವನದು. ಯಾರ್ಯಾರದನ್ನೋ ತಂದು ಯಾರದೋ ಮನೆಯಲ್ಲಿ ಇಟ್ಟು ಬಂದಿದ್ದೆ. ಕುದುರೆಯನ್ನೂ ಇಟ್ಟು ಕಳಿಸಿದ್ದರೆ, ಕತೆ ಸುತ್ತು ಹಾಕಿ ಚೆಂದವಾಗಿ ಮುಗಿಯುತ್ತಿತ್ತು. ಮೇಡಂ ಇದನ್ನಾದರೂ ಪೂರ್ತಿ ನೋಡಿರಲಿಕ್ಕಿಲ್ಲ ಎಂಬ ಆಸೆಯೂ ಒಂದು ಕ್ಷಣ ಸುಳಿಯಿತು. ಆದರೆ ಹೂಂ ಇಲ್ಲದೆ ನನಗೆ ಮುಂದಿನ ಮಾತೇ ಬಾರದು. ಅಷ್ಟು ರೂಢಿಯಾಗಿಬಿಟ್ಟಿದೆ.

ಮೊದಲಿನದನ್ನು ಅಳಿಸಿ ಮತ್ತೆ ಶುರುಮಾಡಿದೆ. ಕೆರೆಯ ದಂಡೆಯವರೆಗೆ ಹೇಳಿದೆ. ಹಾವಿಗೆ ಹೆಸರಿಲ್ಲದ್ದರಿಂದ ಹೆದರಿಕೆ ಬರಲಿಲ್ಲ ಎಂದೆ. ಈ ಸಿನಿಮಾ ನೋಡುಗರಿಗಾಗಿ ಒಂದು ಗಳಿಗೆಯೂ ನಿಲ್ಲುವುದಿಲ್ಲ, ಅದಕ್ಕೇ ಅಷ್ಟು ಬೆಳಕಿದ್ದರೂ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ ಎಂದೆ. ಕೊನೆಗೆ ಹೇಳಿದೆ: "ಇಲ್ಲಿಗೆ ಕರೆಂಟು ಹೋಯಿತು. ಮುಂದೇನಾಯಿತೋ ನನಗೆ ಗೊತ್ತಿಲ್ಲ. ಈ ಜಾಗದಲ್ಲಿ ಒಂದು ಮಣ್ಣಿನ ಕುದುರೆಯನ್ನು ತಂದು ನಿಲ್ಲಿಸಬೇಕೆಂದಿದ್ದೆ. ಅದು ನಮ್ಮ ಆಯಿಯದು. ಅದನ್ನು ಅದರ ಹೊಳೆಯ ದಂಡೆಯಲ್ಲೇ ಬಿಟ್ಟು ಬಂದಿದ್ದೇನೆ."

"ಹೂಂ," ಎಂದಳು ಆಯಿ. ಅದೂ ರೆಕಾರ್ಡ್ ಆಯಿತು. ಮತ್ತೆ ಅಳಿಸುವ ತ್ರಾಣವಿರಲಿಲ್ಲ. ಕಳಿಸಿದೆ. ದೀಪ ಹಚ್ಚುವ ಹೊತ್ತಿಗೆ ಆಯಿಯನ್ನು ಏನೂ ಕೇಳಲಿಲ್ಲ. ಕುದುರೆಯ ಹೆಸರೆತ್ತುವ ಮನಸ್ಸೇ ಇರಲಿಲ್ಲ.

ಮರುದಿನ ಮಾಮಾನ ಅಂಗಡಿಯಲ್ಲಿ, ಮೂಲೆಹಂಚಿಗೂ ಸಾದಾ ಹಂಚಿಗೂ ಏನು ವ್ಯತ್ಯಾಸ ಎಂದು ಅವನು ವಿವರಿಸುತ್ತಿದ್ದಾಗ ಫೋನು ಬಂತು.

"ಕೆಲಸ ಓಂಕಾರ ಅವರಿಗೆ ಕೊಟ್ಟೇನಿ ನೇತ್ರಾ," ಎಂದರು ರತ್ನಮಾಲಾ ಮೇಡಂ. "ಸಿಟ್ಟಾಗಬ್ಯಾಡ. ನಿನ್ನ ಮೂರನೇದು ಖರೇನ ಚಲೋ ಇತ್ತು. ಆದ್ರ ಅರ್ಧಾ ಪಿಕ್ಚರ್ ನೋಡಿದವರಿಗೆ ಹೆಂಗ ಕೊಡ್ಲಿ?"

"ಗೊತ್ತಾತ್ರಿ ಮೇಡಂ."

ಗೊತ್ತಾಗಿತ್ತು. ಮಾಮಾ ಬಿಲ್ಲಿನ ಪುಸ್ತಕವನ್ನು ನನ್ನ ಕಡೆಗೆ ಸರಿಸಿದ. ಮೇಡಂ ಮಾತ್ರ ಫೋನ್ ಇಡಲಿಲ್ಲ.

"ಇನ್ನೊಂದು ಕೇಳೂದಿತ್ತು. ಆ ಕುದುರಿ ಹೊಳಿ ದಾಟತೋ ಇಲ್ಲೋ?"

"ಯಾವ ಕುದುರಿರಿ?"

"ಯಾವುದಂದ್ರ! ದಂಡಿಗೆ ಬಿಟ್ಟು ಬಂದೇನಿ ಅಂದ್ಯಲ್ಲ, ಅದು. ನಿನ್ನಿ ನಿಂದು ಹಚ್ಚಿ ಕೇಳುವಾಗ ನಮ್ಮ ತಾಯಿನೂ ಬಾಜುಕ ಇದ್ರು. ನಾವು ಹೊತ್ತು ಮುಳಗೂದರೊಳಗ ಊಟ ಮುಗಸೂ ಮಂದಿ. ಆಮ್ಯಾಲ ಅವರಿಗೆ ಮಲಗೂತನಕ ಬ್ಯಾರೆ ಕೆಲಸ ಇಲ್ಲ. ಕುದುರಿ ಏನಾತು, ಕುದುರಿ ಏನಾತು ಅಂತ ನನ್ನ ಜೀಂವಾ ತಿನ್ನಾಕತ್ತಾರ. ಹೇಳಿಬಿಡು, ಫೋನ್ ಇಡತೇನಿ."

"ನನಗೂ ಗೊತ್ತಿಲ್ರಿ."

"ನಿಮ್ಮ ಆಯಿನ್ನ ಕೇಳು."

"ಹಗಲ ಹೊತ್ತಿನ್ಯಾಗ ಅಕಿ ಕತಿ ಹೇಳಂಗಿಲ್ರಿ."

"ಯಾಕ?"

"ಮಾಮಾ ಹಾದಿ ತಪ್ಪತಾನ್ರಿ."

ಎದುರಿಗೆ ಕೂತ ಮಾಮಾ ತಲೆ ಎತ್ತಿದ. ಮನೆಯಿಂದ ಅಂಗಡಿಗೆ ರಸ್ತೆಯೊಂದನ್ನು ದಾಟುವುದು ಬಿಟ್ಟರೆ ಅವನಿಗೆ ಬೇರೆ ಹಾದಿಯೇ ಇಲ್ಲ. ಆಮೇಲೆ ಮೇಡಂ, ಸೋತ ದನಿಯಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ ತಾವೇ ಫೋನ್ ಮಾಡಿ ತಾಯಿಯ ಕೈಗೆ ಕೊಡುವುದಾಗಿ ಹೇಳಿದರು.

ಸಂಜೆ ಅಂಗಡಿಯಿಂದ ಬಂದೆ. ಮೈಯೆಲ್ಲ ಹಂಚಿನ ಕೆಂಪು ಧೂಳು. ಆಯಿ ದೀಪ ಹಚ್ಚಿ ಗೋಡೆಗೆ ಒರಗಿ ಕೂತಳು. ಫೋನನ್ನು ನಡುವೆ ಇಟ್ಟೆ. ಆಚೆಯಿಂದ ಮುದಿ ದನಿಯೊಂದು "ಹಾಂ, ಶುರು ಮಾಡ್ರೆವ್ವಾ" ಎಂದಿತು.

ಆಯಿ ಶುರುಮಾಡಿದಳು. ಕುಂಬಾರ ಹುಡುಗಿ ಮಣ್ಣು ಮಿದ್ದಳು. ಫೋನಿನಿಂದ ಹೂಂ ಬಂತು, ನನ್ನಿಂದಲೂ ಬಂತು. ಕುದುರೆಗೆ ಕಿವಿ ಬಂತು, ಬಾಲ ಬಂತು, ಜೀವ ಬಂತು. ನನಗೆ ನಿದ್ದೆಯ ಸುಳಿವೇ ಇರಲಿಲ್ಲ. ಇಷ್ಟು ವರ್ಷಕ್ಕೆ ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

"...ಕುದುರಿ ಹೊಳಿ ದಂಡಿಗೆ ಬಂತು. ನಿಂತಿತು. ನೀರ ನೋಡತು..."

"ಹೂಂ," ಎಂದೆ.

"ಹೂಂ," ಎಂದಿತು ಫೋನು.

ಆಯಿ ಏನೂ ಅನ್ನಲಿಲ್ಲ. ನೋಡಿದರೆ ಗದ್ದ ಎದೆಗೆ ತಾಗಿತ್ತು. ಸಣ್ಣಗೆ ಗೊರಕೆ.

"ಆಯಿ! ಏ ಆಯಿ!" ಭುಜ ಅಲ್ಲಾಡಿಸಿದೆ. ಗೊರಕೆ ಬಲಗಡೆಯಿಂದ ಎಡಗಡೆಗೆ ಹೊರಳಿತು, ಅಷ್ಟೆ.

"ಮುಂದ?" ಎಂದಿತು ಫೋನು. "ಯಾಕ ಸುಮ್ಮನಾದ್ರಿ? ಮುಂದ ಏನಾತ?"

ನನಗೆ ಗೋಡೆಗೆ ತಲೆ ಬಡಿದುಕೊಳ್ಳಬೇಕೆನಿಸಿತು. ಕಾಯಿರಿ ಎಂದರೆ ಎಷ್ಟು ಹೊತ್ತು ಕಾದಾರು? ಬೇರೆ ದಾರಿ ಕಾಣದೆ ಹೇಳಿದೆ:

"ಕುದುರಿ ನೀರಾಗ ಕಾಲಿಟ್ಟಿತ್ರಿ."

"ಹೂಂ," ಎಂದಿತು ಫೋನು, ಬಹಳ ಸಮಾಧಾನದಿಂದ.

ಆದರೆ ಆಯಿಯ ಗೊರಕೆ ನಿಂತಿತ್ತು. ಕಣ್ಣು ಮುಚ್ಚಿಯೇ ಇತ್ತು. ಹೂಂ ಇಲ್ಲ. ನಾನು ಕಾದೆ. ಇಲ್ಲ.

"ಇಲ್ರಿ, ಇಡಲಿಲ್ಲ," ಎಂದೆ. "ಇಡಬೇಕಂತ ಕಾಲೆತ್ತಿದ್ದು, ಹಂಗ ಎತ್ತಿಕೊಂಡ ನಿಂತಿತು."

"ಹೂಂ," ಎಂದಳು ಆಯಿ, ಕಣ್ಣು ತೆರೆಯದೆ.

"ಹಾಂ? ಈಗಷ್ಟ ಕಾಲಿಟ್ಟಿತು ಅಂದ್ಯಲ್ಲ?" ಎಂದಿತು ಫೋನು. "ಏನವ್ವ ಹುಡುಗಿ, ಸರಿಯಾಗಿ ನೋಡಿ ಹೇಳಬಾರದ?"